ಎಆರ್‌ಟಿ ತೆಗೆದುಕೊಳ್ಳುವವರಿಗೆ ಎಚ್‌ಬಿಎ1ಸಿ ಪರೀಕ್ಷೆ: ವರದಿಯನ್ನು ಎಷ್ಟು ನಂಬಬೇಕು?

ಉಪವಾಸ ಬೇಕಿಲ್ಲ, ಯಾವ ಹೊತ್ತಿಗಾದರೂ ರಕ್ತ ಕೊಡಬಹುದು, ಎರಡು-ಮೂರು ತಿಂಗಳ ಶುಗರ್ ಸರಾಸರಿ ಒಂದೇ ಸಲಕ್ಕೆ ಸಿಗುತ್ತದೆ. ಎಚ್‌ಬಿಎ1ಸಿ ಎಲ್ಲರಿಗೂ ಮೆಚ್ಚುಗೆಯಾಗಿರುವುದು ಇದಕ್ಕೇ. ಆದರೆ ಎಚ್‌ಐವಿಗೆ ಮಾತ್ರೆ (ಎಆರ್‌ಟಿ) ತೆಗೆದುಕೊಳ್ಳುವವರಲ್ಲಿ ಸಕ್ಕರೆ ಕಾಯಿಲೆ ಇದೆಯೇ ಎಂದು ಹುಡುಕುವಾಗ ಇದೊಂದನ್ನೇ ನೆಚ್ಚಿಕೊಳ್ಳಬಾರದು. ಇವರಲ್ಲಿ ಈ ಪರೀಕ್ಷೆ ನಿಜಕ್ಕಿಂತ ಕಡಿಮೆ ತೋರಿಸುವುದುಂಟು. ಹೆಚ್ಚು ತೋರಿಸಿದ್ದರೆ ಇನ್ನೊಂದು ಪರೀಕ್ಷೆಯಿಂದ ಸಂಶಯ ಬಗೆಹರಿಯುತ್ತಿತ್ತು. ಕಡಿಮೆ ಬಂದ ವರದಿಯನ್ನು ಮಾತ್ರ ಯಾರೂ ಮರುಪರಿಶೀಲಿಸುವುದಿಲ್ಲ, ಕಾಯಿಲೆ ಒಳಗೇ ಬೆಳೆಯುತ್ತದೆ.

ಹಿಮೋಗ್ಲೋಬಿನ್‌ಗೆ ಎಷ್ಟು ಸಕ್ಕರೆ ಅಂಟಿದೆ ಎಂಬುದನ್ನು ಈ ಪರೀಕ್ಷೆ ಅಳೆಯುತ್ತದೆ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ ಎಂಬ ಲೆಕ್ಕದ ಮೇಲೆ ಅದು ನಿಂತಿದೆ. ನ್ಯುಮೋನಿಯಾ ತಡೆಗೆ ಕೊಡುವ ಡ್ಯಾಪ್ಸೋನ್ ಮಾತ್ರೆ ಕಣಗಳನ್ನು ಬೇಗ ಒಡೆಯುತ್ತದೆ. ಸಕ್ಕರೆ ಅಂಟಲು ಸಮಯವೇ ಸಿಗದೆ ಅಂಕಿ ಇಳಿಯುತ್ತದೆ. ಎಚ್‌ಐವಿ ಮಾತ್ರೆ ಜಿಡೊವುಡಿನ್ ಕಣಗಳ ಗಾತ್ರ ಹಿಗ್ಗಿಸುತ್ತದೆ, ಅಂಥ ರಕ್ತದಲ್ಲೂ ಎಚ್‌ಬಿಎ1ಸಿ ಕಡಿಮೆ ಬರುವುದು ಕಂಡಿದೆ. ಇನ್ನೊಂದು ಎಚ್‌ಐವಿ ಮಾತ್ರೆ ಅಬಾಕವಿರ್ ತೆಗೆದುಕೊಳ್ಳುವವರಲ್ಲೂ ಈ ವ್ಯತ್ಯಾಸ ದಾಖಲಾಗಿದೆ. ಹಾಗಾಗಿ ಜೊತೆಗಿರುವ ರಕ್ತಕಣಗಳ ವರದಿಯಲ್ಲಿ ಎಂಸಿವಿ (ಕೆಂಪು ಕಣದ ಸರಾಸರಿ ಗಾತ್ರ) ಸಾಲು ನೋಡಿ. ಅದು 100 ದಾಟಿದ್ದು ಎಚ್‌ಬಿಎ1ಸಿ ಶೇ. 6.1 ಬಂದಿದ್ದರೆ ‘ಗಡಿಯಲ್ಲಿದೆ’ ಎಂದು ಸುಮ್ಮನಾಗದೆ ಖಾಲಿ ಹೊಟ್ಟೆಯ ಶುಗರ್ ಮಾಡಿಸಲೇಬೇಕು. ಕಬ್ಬಿಣಾಂಶದ ಕೊರತೆಯಿದ್ದರೆ ಮಾತ್ರ ಅಂಕಿ ತಿರುಗಾಮುರುಗಾ, ಇರುವುದಕ್ಕಿಂತ ಹೆಚ್ಚು ಬರುತ್ತದೆ.

ನಮ್ಮ ಮೊದಲ ಆಯ್ಕೆ ಖಾಲಿ ಹೊಟ್ಟೆಯ ಶುಗರ್. ಎಆರ್‌ಟಿ ಶುರುಮಾಡುವ ಮೊದಲು, ಮಾತ್ರೆ ಬದಲಿಸುವಾಗ, ಶುರುಮಾಡಿದ ಅಥವಾ ಬದಲಿಸಿದ 3ರಿಂದ 6 ತಿಂಗಳಿಗೆ, ಸರಿಯಿದ್ದರೆ ಆಮೇಲೆ ವರ್ಷಕ್ಕೊಮ್ಮೆ: ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ಹೇಳುವ ಕ್ರಮ ಇದು. ಕನಿಷ್ಠ 8 ಗಂಟೆ ಏನೂ ತಿನ್ನಬಾರದು, ನೀರು ಕುಡಿಯಬಹುದು. ಡೆಸಿಲೀಟರ್‌ಗೆ 100ರಿಂದ 125 ಮಿಲಿಗ್ರಾಂ ಬಂದರೆ ಎಚ್ಚರಿಕೆಯ ಹಂತ. 126 ಅಥವಾ ಮೇಲೆ ಬಂದರೆ ಮತ್ತೊಮ್ಮೆ ಮಾಡಿಸಿ ಖಚಿತಪಡಿಸಿಕೊಳ್ಳಬೇಕು. ಇದಕ್ಕೂ ಒಂದು ದೋಷವಿದೆ. ಟ್ಯೂಬ್‌ಗೆ ಹಾಕಿದ ಮೇಲೂ ರಕ್ತಕಣಗಳು ಸಕ್ಕರೆ ತಿನ್ನುತ್ತಲೇ ಇರುತ್ತವೆ, ಗಂಟೆಗೆ ಸುಮಾರು ಶೇ. 5ರಿಂದ 7ರಷ್ಟು. ಫ್ಲೋರೈಡ್ ಇರುವ ಬೂದು ಮುಚ್ಚಳದ ಟ್ಯೂಬ್ ಕೂಡ ಅದನ್ನು ತಕ್ಷಣ ನಿಲ್ಲಿಸುವುದಿಲ್ಲ, ಪೂರ್ತಿ ಹಿಡಿತಕ್ಕೆ ಒಂದೆರಡು ಗಂಟೆ ಬೇಕು. ದೂರದ ಲ್ಯಾಬ್‌ಗೆ ಸಂಜೆ ಹೋಗುವ ಮಾದರಿಗಿಂತ ಅಲ್ಲೇ ಬೇಗ ರಕ್ತಕಣಗಳನ್ನು ಬೇರ್ಪಡಿಸುವ ಲ್ಯಾಬ್ ವಾಸಿ.

ಮನೆಯ ಗ್ಲುಕೋಮೀಟರ್ ಕಾಯಿಲೆ ಪತ್ತೆಗೆ ಅಲ್ಲ. ಸಕ್ಕರೆ 100ಕ್ಕಿಂತ ಮೇಲಿದ್ದಾಗ ಶೇ. 15ರಷ್ಟು ಹೆಚ್ಚುಕಡಿಮೆಗೆ ಅದರ ಮಾನದಂಡವೇ ಅವಕಾಶ ಕೊಡುತ್ತದೆ. ರಕ್ತಹೀನತೆ ಇದ್ದರೆ ಮೀಟರ್ ಹೆಚ್ಚು ತೋರಿಸುತ್ತದೆ. ಜಿಡೊವುಡಿನ್‌ನಿಂದ ರಕ್ತ ಕಡಿಮೆಯಾದವರಲ್ಲಿ ಮೀಟರ್ ಮೇಲಕ್ಕೆ, ಎಚ್‌ಬಿಎ1ಸಿ ಕೆಳಕ್ಕೆ ಹೋಗಬಹುದು. ಎರಡರ ಸರಾಸರಿ ತೆಗೆದು ಸಮಾಧಾನಪಡುವುದು ಸರಿಯಲ್ಲ.

ಎಚ್‌ಐವಿಯ ಹಳೆಯ ಮಾತ್ರೆಗಳಲ್ಲಿ ಇಂಡಿನಾವಿರ್ ಜೀವಕೋಶದೊಳಗೆ ಸಕ್ಕರೆ ಹೋಗುವ ದಾರಿಯನ್ನೇ ತಡೆಯುತ್ತಿತ್ತು. ಸ್ಟಾವುಡಿನ್, ಜಿಡೊವುಡಿನ್ ಜೀವಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯಾ ಕೆಡಿಸಿ, ಕೈಕಾಲು ಮುಖದ ಕೊಬ್ಬು ಕರಗಿಸಿ ಇನ್ಸುಲಿನ್ ಕೆಲಸ ಹಾಳುಮಾಡುತ್ತಿದ್ದವು. ಈಗಿನ ಡೊಲುಟೆಗ್ರಾವಿರ್ ಇವಕ್ಕಿಂತ ಎಷ್ಟೋ ಮೇಲು. ಆದರೂ ತೂಕ ಏರುತ್ತದೆ, ಅಪರೂಪಕ್ಕೆ ಕೆಲವರಲ್ಲಿ ಮೊದಲ ವಾರಗಳಲ್ಲೇ ಶುಗರ್ ದಿಢೀರನೆ ಹೆಚ್ಚುತ್ತದೆ. ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ತೂಕ ಇಳಿಯುವುದು ಕಂಡರೆ ಮುಂದಿನ ಭೇಟಿಯವರೆಗೆ ಕಾಯದೆ ಅಂದೇ ರಕ್ತ ಕೊಡಿ. ಎಆರ್‌ಟಿಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ, ವೈರಸ್ ಮತ್ತೆ ತಲೆಯೆತ್ತುತ್ತದೆ.

ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆ ಬರೆದುಕೊಟ್ಟರೆ ಡೊಲುಟೆಗ್ರಾವಿರ್ ವಿಷಯ ಹೇಳಲೇಬೇಕು. ಮೆಟ್‌ಫಾರ್ಮಿನ್ ಮೂತ್ರಪಿಂಡದಿಂದ ಹೊರಹೋಗುವುದನ್ನು ಡೊಲುಟೆಗ್ರಾವಿರ್ ತಡೆಯುತ್ತದೆ. ದಿನಕ್ಕೆ 50 ಮಿಲಿಗ್ರಾಂ ಡೊಲುಟೆಗ್ರಾವಿರ್ ಜೊತೆ ಮೆಟ್‌ಫಾರ್ಮಿನ್ ಪ್ರಮಾಣ ರಕ್ತದಲ್ಲಿ ಶೇ. 79ರಷ್ಟು ಏರುತ್ತದೆ. ಅದಕ್ಕೇ ಮೆಟ್‌ಫಾರ್ಮಿನ್‌ಗೆ ದಿನಕ್ಕೆ ಒಟ್ಟು 1000 ಮಿಲಿಗ್ರಾಂ ಮಿತಿ. ಭೇದಿ, ವಾಕರಿಕೆ ಜೋರಾದರೆ ಮೊದಲು ಇದನ್ನೇ ಅನುಮಾನಿಸಬೇಕು. ಡೊಲುಟೆಗ್ರಾವಿರ್ ಬದಲಾದ ದಿನ ಈ ಲೆಕ್ಕವನ್ನೂ ಮತ್ತೆ ನೋಡಿಸಬೇಕು.

ಬೇರೆ ಎಚ್‌ಐವಿ ಔಷಧಿಗಳ ಬಲ ಹೆಚ್ಚಿಸಲು ಸೇರಿಸುವ ರಿಟೊನಾವಿರ್ ಅಥವಾ ಕೊಬಿಸಿಸ್ಟಾಟ್ ಇರುವ ಮಾತ್ರೆಯವರು ಉಬ್ಬಸದ ಇನ್‌ಹೇಲರ್, ಮಂಡಿಗೆ ಹಾಕಿಸಿದ ಸ್ಟಿರಾಯ್ಡ್ ಇಂಜೆಕ್ಷನ್ ಎರಡನ್ನೂ ಹೇಳಬೇಕು. ಅವುಗಳಲ್ಲಿರುವ ಫ್ಲುಟಿಕಾಸೋನ್, ಟ್ರಯಾಮ್ಸಿನೋಲೋನ್ ಎಂಬ ಸ್ಟಿರಾಯ್ಡ್‌ಗಳು ಈ ಮಾತ್ರೆಗಳಿಂದಾಗಿ ದೇಹದಲ್ಲಿ ಕರಗದೆ ಶೇಖರವಾಗಿ ಮುಖ ಊದಿಸುತ್ತವೆ, ಶುಗರ್ ಏರಿಸುತ್ತವೆ. ಅಂಥವರಿಗೆ ಬೆಕ್ಲೊಮೆಟಾಸೋನ್ ಇನ್‌ಹೇಲರ್ ಹೆಚ್ಚು ಸುರಕ್ಷಿತ.