ಮೂರು ಅಂಕಣಗಳ ಪ್ರಾರ್ಥನಾ ದಿನಚರಿ

ಭಾನುವಾರದ ಆರಾಧನೆಯ ನಂತರ ಸಭೆಯ ಪುಸ್ತಕದ ಮೇಜಿನಲ್ಲಿ ಕೊಂಡ ಈ ದಿನಚರಿಯನ್ನು ನಾಲ್ಕು ತಿಂಗಳಿಂದ ಬಳಸುತ್ತಿದ್ದೇನೆ. ಬೈಬಲಿನಲ್ಲಿರುವ, ಅಪೊಸ್ತಲ ಪೌಲನು ಥೆಸಲೋನಿಕ ಪಟ್ಟಣದ ಕ್ರೈಸ್ತರಿಗೆ ಬರೆದ ಮೊದಲನೆಯ ಪತ್ರಿಕೆಯ 5ನೆಯ ಅಧ್ಯಾಯದ 16ರಿಂದ 18ನೆಯ ವಚನಗಳನ್ನು ಆಧರಿಸಿ, ಪ್ರತಿ ಪುಟವನ್ನೂ ಸಂತೋಷ, ಪ್ರಾರ್ಥನೆ, ಕೃತಜ್ಞತೆ ಎಂದು ವಿಂಗಡಿಸಲಾಗಿದೆ. ಆ ಪತ್ರಿಕೆಯನ್ನು ಓದಿದವರು ಸುಖದಲ್ಲಿದ್ದವರಲ್ಲ, ಹಿಂಸೆಗೆ ಗುರಿಯಾಗಿದ್ದವರು ಎಂಬುದನ್ನೂ, ಸ್ತೋತ್ರ ಸಲ್ಲಿಸಬೇಕಾದದ್ದು ಎಲ್ಲದಕ್ಕಾಗಿ ಅಲ್ಲ, ಎಲ್ಲದರ ನಡುವೆಯೂ ಎಂಬುದನ್ನೂ ಮುನ್ನುಡಿ ಸರಿಯಾಗಿಯೇ ನೆನಪಿಸುತ್ತದೆ.

ಅತ್ತೆಯವರು ಆಸ್ಪತ್ರೆಯಲ್ಲಿದ್ದ ವಾರ ಸಂತೋಷದ ಅಂಕಣ ಖಾಲಿಯೇ ಉಳಿಯಿತು. ಕೃತಜ್ಞತೆಯ ಕೆಳಗೆ ಮಾತ್ರ ‘ರಾತ್ರಿ ಪಾಳಿಯ ನರ್ಸ್ ಕೇಳದೆಯೇ ತಂದುಕೊಟ್ಟ ಬಿಸಿನೀರು’ ಎಂದು ಬರೆದಿದ್ದೆ. ಈ ದಿನಚರಿ ಇಲ್ಲದಿದ್ದರೆ ಅದನ್ನು ಖಂಡಿತ ಮರೆತುಬಿಡುತ್ತಿದ್ದೆ.

ಕಾಗದ ತೆಳುವಾಗಿರುವುದರಿಂದ ಶಾಯಿ ಹಿಂಬದಿಗೆ ಇಳಿಯುತ್ತದೆ. ಪ್ರಾರ್ಥನೆಗೆ ಬಿಟ್ಟಿರುವ ನಾಲ್ಕು ಗೆರೆಗಳಲ್ಲಿ ನಮ್ಮ ಮನೆಯವರ ಹೆಸರುಗಳೇ ಹಿಡಿಸುವುದಿಲ್ಲ. ಇನ್ನು ನೆರೆಹೊರೆಯವರನ್ನು ಎಲ್ಲಿ ಸೇರಿಸುವುದು? ಇದಕ್ಕಿಂತ ದೊಡ್ಡ ಕೊರತೆಯೆಂದರೆ ಪ್ರತಿ ಪುಟದಡಿಯೂ ಅಚ್ಚಾಗಿರುವ ‘ನಗುತ್ತಿರಿ’ ಎಂಬ ಸೂಚನೆ: ಬೈಬಲಿನ ಕೀರ್ತನೆಗಳಲ್ಲಿ ಮೊರೆಗೂ ಕಣ್ಣೀರಿಗೂ ಅಷ್ಟೊಂದು ಜಾಗವಿರುವಾಗ, ಈ ದಿನಚರಿಯಲ್ಲಿ ಅವಕ್ಕೆ ಒಂದು ಗೆರೆಯೂ ಇಲ್ಲ. ಸದ್ಯಕ್ಕೆ ನಾನು ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳುತ್ತಿದ್ದೇನೆ.