ಕೊಡಚಾದ್ರಿಯ ಚಳಿಗೆ ಕಂಬಳಿಯೋ, ಸ್ಲೀಪಿಂಗ್ ಬ್ಯಾಗೋ?

ಡಿಸೆಂಬರ್‌ನಲ್ಲಿ ಒಂದು ಸಲ, ಜನವರಿಯಲ್ಲಿ ಇನ್ನೊಂದು ಸಲ ಒಬ್ಬನೇ ಕೊಡಚಾದ್ರಿ ಹತ್ತಿದೆ. ಮೊದಲ ಸಲ ಹಕ್ಕಿ ಪುಕ್ಕ ತುಂಬಿದ ಸ್ಲೀಪಿಂಗ್ ಬ್ಯಾಗ್ ಒಯ್ದೆ, ಎರಡನೇ ಸಲ ಅಜ್ಜನ ಕರಿ ಕಂಬಳಿ. ಎರಡೂ ರಾತ್ರಿ ಮಲಗಿದ್ದು ಗುಡ್ಡದ ಮೇಲಿನ ಒಂದೇ ಜಗಲಿಯಲ್ಲಿ. ಈ ಗುಡ್ಡ ಇರುವುದು ಅಭಯಾರಣ್ಯದೊಳಗೆ. ಟೆಂಟ್ ಹಾಕುವ ಆಸೆ ಇದ್ದರೆ ಮೊದಲು ಅರಣ್ಯ ಇಲಾಖೆಯವರನ್ನು ಕೇಳಿ.

ಹೊರುವ ವಿಷಯದಲ್ಲಿ ಬ್ಯಾಗೇ ಗೆದ್ದಿತು, ಅನುಮಾನವೇ ಇಲ್ಲ. ಒಂದು ಕೆಜಿ ಚಿಲ್ಲರೆ, ಮಡಚಿದರೆ ಸಣ್ಣ ಕುಂಬಳಕಾಯಿಯಷ್ಟು. ಕಂಬಳಿ ಎರಡೂವರೆ ಕೆಜಿ. ಹಗ್ಗ ಕಟ್ಟಿ ಬೆನ್ನಿಗೆ ಹಾಕಿಕೊಂಡು ನಿಟ್ಟೂರು ಕಡೆಯಿಂದ ಹತ್ತುತ್ತಿದ್ದಾಗ ಜೀಪಿನವನೊಬ್ಬ ನಿಲ್ಲಿಸಿ, "ಎಂತ ಮಾರಾಯ್ರೇ, ಕುರಿ ಮಂದೆ ಹಿಂದೆ ಬರ್ತಾ ಉಂಟಾ?" ಅಂದ.

ಆದರೆ ರಾತ್ರಿ ಕಥೆಯೇ ಬೇರೆ. ಕೊಡಚಾದ್ರಿ 1,343 ಮೀಟರ್ ಅಷ್ಟೇ, ಹಿಮ ಬೀಳುವ ಎತ್ತರ ಅಲ್ಲ. ಇಲ್ಲಿ ಕಾಡುವುದು ಗಾಳಿ ಮತ್ತು ಇಬ್ಬನಿ. ನನ್ನ ಬ್ಯಾಗು ಮೈನಸ್ ಐದು ಡಿಗ್ರಿಗೆ ಮಾಡಿದ್ದು. ಹತ್ತು ಗಂಟೆಗೇ ಒಳಗೆ ಬೆವರಿದೆ. ಜಿಪ್ ತೆಗೆದೆ, ಗಾಳಿ ನುಗ್ಗಿತು. ಹಾಕಿದೆ, ಮತ್ತೆ ಬೆವರು. ಎರಡು ಗಂಟೆ ಹೊತ್ತಿಗೆ ಜಗಲಿಗೇ ಮಂಜು ಬಂತು. ಪುಕ್ಕ ಉಬ್ಬಿಕೊಂಡು ಗಾಳಿ ಹಿಡಿದಿಟ್ಟರೆ ತಾನೇ ಬೆಚ್ಚಗೆ? ಒಳಗಿನ ಬೆವರು, ಹೊರಗಿನ ಇಬ್ಬನಿ ಸೇರಿ ಬೆಳಗಿನ ಜಾವಕ್ಕೆ ಅದು ಅಲ್ಲಲ್ಲಿ ಗಂಟಾಗಿ ಕೂತಿತ್ತು.

ಕಂಬಳಿಗೆ ಈ ತಾಪತ್ರಯ ಇರಲಿಲ್ಲ. ಉಣ್ಣೆ ತನ್ನ ತೂಕದ ಶೇಕಡಾ 30ರಷ್ಟು ತೇವ ಹೀರಿದರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಬೆಳಿಗ್ಗೆ ಮೇಲೆಲ್ಲ ಹನಿ ಕೂತಿತ್ತು. ಕೊಡವಿದೆ, ಉದುರಿತು. ಹಾಗಂತ ಸುಖ ನಿದ್ದೆ ಬಂತು ಅಂದುಕೊಳ್ಳಬೇಡಿ. ಕುತ್ತಿಗೆಗೆ ಚುಚ್ಚುತ್ತದೆ. ಹುಣಸೆ ಬೀಜದ ಗಂಜಿ ಕುಡಿದ ಕಂಬಳಿ ಅಲ್ವಾ, ತಗಡಿನ ಹಾಗೆ ಬಿರುಸು. ತೇವಕ್ಕೆ ಕುರಿ ವಾಸನೆ ಬೇರೆ. ಮಗ್ಗುಲು ಬದಲಿಸಿದಾಗೆಲ್ಲ ಕಾಲು ಹೊರಗೆ. ಕೆಳಗೆ ಬರೀ ಚಾಪೆ ಹಾಸಿದ್ದು ನನ್ನದೇ ತಪ್ಪು, ನೆಲದ ಥಂಡಿ ಸೊಂಟಕ್ಕೇ ಹತ್ತಿತು.

ನನ್ನ ಮನಸ್ಸು ಕಂಬಳಿ ಕಡೆ ವಾಲಿದ್ದು ನಿದ್ದೆಯಿಂದಲ್ಲ, ಸಂಜೆಯಿಂದ. ಡಿಸೆಂಬರ್‌ನಲ್ಲಿ ಗುಡ್ಡದ ತುದಿಯ ಕಲ್ಲು ಮಂಟಪ ಸರ್ವಜ್ಞ ಪೀಠದ ಹತ್ತಿರ ಸೂರ್ಯ ಮುಳುಗುವುದನ್ನು ನೋಡುತ್ತಾ ತೆಳು ಜಾಕೆಟ್ಟಿನಲ್ಲಿ ಗಡಗಡ ನಡುಗಿದ್ದೆ. ಬ್ಯಾಗು ಕೆಳಗೆ ಜಗಲಿಯಲ್ಲಿ ಸುಮ್ನೆ ಬಿದ್ದಿತ್ತು. ಅದನ್ನು ಹೊದ್ದು ನಡೆಯಲಿಕ್ಕಾಗುತ್ತದಾ? ಜನವರಿಯಲ್ಲಿ ಕಂಬಳಿಯನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡೆ. ಅಜ್ಜ ಮಳೆಯಲ್ಲಿ ಅಡಿಕೆ ತೋಟಕ್ಕೆ ಹೋಗುತ್ತಿದ್ದದ್ದೂ ಹಾಗೇ. ಪಡುವಣದಲ್ಲಿ ಸಮುದ್ರ ಒಂದು ಗೆರೆಯ ಹಾಗೆ ಹೊಳೆದು, ಕಪ್ಪಾಗಿ, ಕಾಣದಾಗುವವರೆಗೂ ಕೂತಿದ್ದೆ. ನಡುರಾತ್ರಿ ಹೊರಗೆ ಹೋಗಬೇಕಾದಾಗಲೂ ಅದೇ ಕೊಪ್ಪೆ.

ಮುಂದಿನ ಸಲ ಚಾಪೆ ಬದಲು ಫೋಮ್ ಮ್ಯಾಟ್, ಕುತ್ತಿಗೆಗೆ ಒಂದು ಹತ್ತಿ ಪಂಚೆ, ಮೇಲೆ ಕಂಬಳಿ. ಬ್ಯಾಗನ್ನು ಹಿಮಾಲಯಕ್ಕೆ ಹೊರಟಿರುವ ತಮ್ಮನಿಗೆ ಕೊಟ್ಟಿದ್ದೇನೆ.