ಜಪಾನ್ ಪ್ರವಾಸಕ್ಕೆ ಮೊದಲು ಮಾತೋ, ಲಿಪಿಯೋ?

ಜಪಾನಿಗೆ ಹೊರಟವರ ಮುಂದೆ ಎರಡು ದಾರಿಗಳಿವೆ: ಕೆಲವು ವಾಕ್ಯಗಳನ್ನು ಕಿವಿಯಿಂದ ಕಲಿಯುವುದು, ಇಲ್ಲವೇ 46 ಮೂಲಾಕ್ಷರಗಳ ಕತಾಕಾನ ಲಿಪಿಯನ್ನು ಕಲಿಯುವುದು.

ಮಾತಿನ ದಾರಿ ಕನ್ನಡಿಗರಿಗೆ ನಿಜಕ್ಕೂ ಹತ್ತಿರದ್ದು. ಜಪಾನೀ ವಾಕ್ಯದಲ್ಲೂ ಕ್ರಿಯಾಪದ ಕೊನೆಗೇ ಬರುತ್ತದೆ. 'ಕೊರೆ ವ ನಿಕು ದೆಸ್ ಕ' ಎಂಬುದು 'ಇದು ಮಾಂಸವಾ?' ಎಂಬ ನಮ್ಮ ಪ್ರಶ್ನೆಯಂತೆಯೇ ಸಾಗಿ, ಪ್ರಶ್ನಾರ್ಥಕವನ್ನು ತುದಿಯಲ್ಲೇ ಇರಿಸಿಕೊಳ್ಳುತ್ತದೆ. ಹ್ರಸ್ವ-ದೀರ್ಘಗಳ ಭೇದವೂ ನಮಗೆ ಹೊಸತಲ್ಲ: 'ಒಬಸನ್' ಎಂದರೆ ಅತ್ತೆ ಅಥವಾ ಚಿಕ್ಕಮ್ಮ, 'ಒಬಾಸನ್' ಎಂದರೆ ಅಜ್ಜಿ. ಆದ್ದರಿಂದ ಟಿಪ್ಪಣಿಗಳನ್ನು ರೋಮನ್ ಲಿಪಿಗಿಂತ ಕನ್ನಡದಲ್ಲೇ ಬರೆದುಕೊಳ್ಳುವುದು ಮೇಲು. ಕ್ಷಮೆ ಕೇಳಲೂ ಯಾರನ್ನಾದರೂ ಕರೆಯಲೂ ಒದಗುವ 'ಸುಮಿಮಾಸೆನ್', ಬೆಲೆ ಕೇಳುವ 'ಇಕುರ ದೆಸ್ ಕ' ಮೊದಲ ದಿನವೇ ಬೇಕಾಗುತ್ತವೆ. ತೊಡಕಿರುವುದು ಉತ್ತರದಲ್ಲಿ, ಸರಾಗವಾಗಿ ಕೇಳಿದವರಿಗೆ ಅಷ್ಟೇ ವೇಗದ ಮರುಮಾತು ಬರುತ್ತದೆ.

ಕತಾಕಾನ ಕಲಿತವರು ಹೋಟೆಲಿನ ಪಟ್ಟಿಯಲ್ಲಿ 'ಕೋಹೀ' ಎಂದು ಓದಿ ಕಾಫಿಯನ್ನು ಗುರುತಿಸಬಲ್ಲರು, ಏಕೆಂದರೆ ಪಾಶ್ಚಾತ್ಯ ಭಾಷೆಗಳಿಂದ ಬಂದ ಪದಗಳನ್ನು ಸಾಮಾನ್ಯವಾಗಿ ಈ ಲಿಪಿಯಲ್ಲೇ ಬರೆಯುತ್ತಾರೆ. ಆದರೆ ಕಾಂಜಿಯಲ್ಲಿ, ಅಂದರೆ ಚೀನೀ ಮೂಲದ ಅಕ್ಷರಗಳಲ್ಲಿ, ಬರೆದ ತಿನಿಸುಗಳ ಮುಂದೆ ಅದು ನೆರವಾಗದು. ರೈಲು ನಿಲ್ದಾಣಗಳಲ್ಲಿ ರೋಮನ್ ಫಲಕಗಳೂ ಇರುತ್ತವೆ.

ಒಂದು ವಾರದ ಪ್ರವಾಸಕ್ಕೆ ನಾನು ಮಾತನ್ನೇ ಆರಿಸುವೆ. ಹೊರಡಲು ಒಂದು ತಿಂಗಳಿದ್ದರೆ ಕತಾಕಾನವನ್ನೂ ಸೇರಿಸುವೆ. ಸಸ್ಯಾಹಾರಿಗಳಿಗಂತೂ ಮಾತು ಅನಿವಾರ್ಯ: ತರಕಾರಿಯ ಸಾರಿನಲ್ಲೂ ಮೀನಿನಿಂದ ತೆಗೆದ 'ದಶಿ' ಎಂಬ ರಸ ಇರಬಹುದು, ಅದನ್ನು ಕೇಳಿಯೇ ತಿಳಿಯಬೇಕು.